ಉದಯಶಂಕರರ ಎಲೆ ತೆರಿಗೆ

ಉದಯಶಂಕರ ಹಂಚಿನಾಳರಿಗೆ ಗೊತ್ತಿಲ್ಲದ ವಿಷಯವೆಂಬುದೇ ಜಗತ್ತಿನಲ್ಲಿ ಇರಲಿಲ್ಲ. ಕೆಲವು ವಿಷಯ ಅವರಿಗೆ ಗೊತ್ತಿಲ್ಲ ಎನ್ನುವುದು ಬೇರೆಯವರಿಗೆ ಮಾತ್ರ ಗೊತ್ತಿತ್ತು. ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮಾಡಿ, ದೇಶದ ಹಣಕಾಸನ್ನು ಒಂದು ದಾರಿಗೆ ತರಬೇಕೆಂದು ಹೊರಟಿದ್ದವರು, ಮಕ್ಕಳ ಡಾಕ್ಟರಾದ ಹೆಂಡತಿ ವಿಶಾಲಾಕ್ಷಿಗೆ ಲಂಡನ್ನಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದ್ದರಿಂದ ದೇಶವನ್ನು ಅದರ ಪಾಡಿಗೆ ಬಿಟ್ಟು ಬರಬೇಕಾಯಿತು. ಈಗ ಅಕ್ಸ್‌ಬ್ರಿಡ್ಜ್‌ನಲ್ಲಿ, ಆಫೀಸುಗಳಿಗೆ ಕುರ್ಚಿ ಮೇಜು ಬಾಡಿಗೆಗೆ ಕೊಡುವ ಒಂದು ಕಂಪನಿಯ ಲೆಕ್ಕದ ವಿಭಾಗದಲ್ಲಿ ಕೂತಿದ್ದರು. ಅಲ್ಲಿ ಅವರ ಹೆಸರು ಬರೀ ಉದಯ್. ತಮ್ಮ ಬೀದಿಯಲ್ಲಿ ಅವರು ಡಾಕ್ಟರ ಗಂಡ. ಕನ್ನಡ ಸಂಘದಲ್ಲಿ ಡಾಕ್ಟರ ಗಂಡಂದಿರು ಬಹಳ ಜನ ಇದ್ದುದರಿಂದ ಅಲ್ಲಿ ಧಾರವಾಡದ ಡಾಕ್ಟರ ಗಂಡ.

ಅವರನ್ನು ಮನಸ್ಸಿಟ್ಟು ‘ಸರ್’ ಎನ್ನುವ ಜಾಗ ಲಂಡನ್ನಿನಲ್ಲಿ ಒಂದೇ ಇತ್ತು. ಬಸ್ಸಿನ ಡ್ರೈವರೂ ಸರ್ ಎನ್ನುತ್ತಾನೆ, ನಿಜ. ಆದರೆ ಅದು ನಿಮ್ಮ ಪಾಸಿನ ಅವಧಿ ಮುಗಿದಿದೆ ಎಂದು ಹೇಳುವ ಮುಂಚೆ. ಉದಯಶಂಕರರ ಬೀದಿಯ ಮೂಲೆಯಲ್ಲಿ ಕೌನ್ಸಿಲ್ಲಿನ, ಅಂದರೆ ಅಲ್ಲಿನ ನಗರಸಭೆಯ, ಸಣ್ಣ ಲೈಬ್ರರಿ ಇತ್ತು. ಅದರ ಹಿಂದಿನ ಕೋಣೆಯಲ್ಲಿ, ಅವರೇ ಹೋರಾಡಿ ಹಾಕಿಸಿಕೊಂಡ ಕನ್ನಡ ಪುಸ್ತಕಗಳ ಒಂದು ಕಪಾಟಿನ ಕೆಳಗೆ, ಪ್ರತಿ ಶನಿವಾರ ಬೆಳಿಗ್ಗೆ ಕನ್ನಡ ಕಲಿಸುತ್ತಿದ್ದರು. ಮಕ್ಕಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಆದರೆ ಪ್ರತಿ ಉತ್ತರದ ಕೊನೆಗೆ ಒಂದು ‘ಸರ್’ ಇರುತ್ತಿತ್ತು. ಆ ಒಂದು ಮಾತಿಗಾಗಿ ಉದಯಶಂಕರರು ಶುಕ್ರವಾರವೇ ಅಂಗಿಗೆ ಇಸ್ತ್ರಿ ಹಾಕಿಡುತ್ತಿದ್ದರು.

ಎರಡು ಸಾವಿರದ ನಾಲ್ಕನೆಯ ಇಸವಿಯ ಬೇಸಿಗೆಯಲ್ಲಿ, ದುಡ್ಡಿಲ್ಲದ ಕಾರಣ ಆ ಲೈಬ್ರರಿಯನ್ನು ಮುಚ್ಚುವುದಾಗಿ ಕೌನ್ಸಿಲ್ ತಿಳಿಸಿತು. ಮುಚ್ಚುವ ಮೊದಲು ಜನರ ಅಭಿಪ್ರಾಯ ಕೇಳುವುದು ಆ ದೇಶದ ಸಂಪ್ರದಾಯ. ಕೇಳಿದ ಮೇಲೆ ಮುಚ್ಚುವುದೂ ಸಂಪ್ರದಾಯವೇ. ಹಾಗಾಗಿ ಒಂದು ಸಂಜೆ ಲೈಬ್ರರಿಯಲ್ಲಿಯೇ ಸಭೆ ಸೇರಿತು. ಬಂದವರು ಕೆಲವೇ ಜನ, ಅವರಲ್ಲಿ ಅರ್ಧದಷ್ಟು ಮಂದಿ ಚಳಿಗಾಲದಲ್ಲಿ ಹೀಟರಿನ ಆಸೆಗೆ ದಿನಾ ಬಂದು ಕೂರುವವರು. ಕೌನ್ಸಿಲ್ಲಿನ ಹಣಕಾಸು ಅಧಿಕಾರಿ ಮುಖ ಸಪ್ಪಗೆ ಮಾಡಿಕೊಂಡು, ದುಡ್ಡು ಎಲ್ಲಿಂದ ತರೋಣ, ನೀವೇ ಹೇಳಿ, ಎಂದು ಕೇಳಿದ. ಈ ಪ್ರಶ್ನೆಯನ್ನು ಯಾರಾದರೂ ತಮಗೆ ಕೇಳಲಿ ಎಂದು ಉದಯಶಂಕರರು ಎಂ.ಎ. ಮುಗಿಸಿದಂದಿನಿಂದ ಕಾದಿದ್ದರು.

ಅವರು ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು, ಇಂಗ್ಲಿಷಿನಲ್ಲಿ ಮಾತಾಡಿದರು. ಸರಕಾರ ಈ ಜನವರಿಯಲ್ಲಿ ಗಾಂಜಾವನ್ನು ಒಂದು ಮೆಟ್ಟಿಲು ಕೆಳಗಿನ ಅಪರಾಧ ಮಾಡಿದೆ. ಅರ್ಧ ಕೆಲಸ ಮಾಡಿ ಕೈತೊಳೆದುಕೊಳ್ಳುವುದು ಆರ್ಥಿಕ ನೀತಿಯಲ್ಲ. ಪೂರ್ತಿ ಕಾನೂನುಬದ್ಧ ಮಾಡಿ, ಅಂಗಡಿಯಲ್ಲಿಟ್ಟು ಮಾರಿ, ಸಿಗರೇಟಿನ ಮೇಲೆ ಹಾಕಿದಂತೆ ಭರ್ತಿ ತೆರಿಗೆ ಹಾಕಲಿ. ಸೇದುವವರು ಹೇಗೂ ಸೇದುತ್ತಾರೆ. ಈಗ ಕಳ್ಳರ ಜೇಬಿಗೆ ಹೋಗುವುದು ಆಗ ಆಸ್ಪತ್ರೆಗೆ, ಶಾಲೆಗೆ, ಈ ಲೈಬ್ರರಿಗೆ ಬರುತ್ತದೆ. ಇಷ್ಟು ಹೇಳಿ ಅವರು ಕೂತರು. ಅಧಿಕಾರಿ, ಅದು ಕೌನ್ಸಿಲ್ಲಿನ ಕೈಯಲ್ಲಿಲ್ಲ, ಪಾರ್ಲಿಮೆಂಟಿನ ವಿಷಯ ಎಂದು ಗೊಣಗಿದ. ಪಕ್ಕದ ಮನೆಯ ಜೇನ್ ಎಂಬ ಮುದುಕಿ ಮಾತ್ರ ಊರುಗೋಲು ನೆಲಕ್ಕೆ ಬಡಿದು ಮೆಚ್ಚುಗೆ ಸೂಚಿಸಿದಳು.

ಇಲ್ಲಿ ಒಂದು ಸಂಗತಿಯನ್ನು ಓದುಗರ ಕಿವಿಯಲ್ಲಿ ಹೇಳಿಬಿಡುವುದು ಒಳ್ಳೆಯದು. ಉದಯಶಂಕರರು ಜೀವಮಾನದಲ್ಲಿ ಗಾಂಜಾ ಕಂಡವರಲ್ಲ. ಅದು ಗಿಡವೋ ಬಳ್ಳಿಯೋ ಎಂದು ಕೇಳಿದ್ದರೆ, ಆ ಪ್ರಶ್ನೆ ಅರ್ಥಶಾಸ್ತ್ರಕ್ಕೆ ಸೇರಿದ್ದಲ್ಲ ಎಂದು ತಳ್ಳಿಹಾಕುತ್ತಿದ್ದರು. ವಿಶಾಲಾಕ್ಷಿ ಆ ರಾತ್ರಿ ಊಟದ ಹೊತ್ತಿಗೆ ಇದನ್ನೇ ಎತ್ತಿದರು.

“ಗಾಂಜಾ ನೋಡೀರೇನು ನೀವು?”

“ನೋಡೂದು ಯಾಕ ಬೇಕು? ಸಿಗರೇಟ್ ಸೇದದವ ಸಿಗರೇಟಿನ ತೆರಿಗಿ ಬಗ್ಗೆ ಮಾತಾಡಬಾರದೇನು?”

ಮಾತು ತರ್ಕಬದ್ಧವಾಗಿಯೇ ಇತ್ತು. ಡ್ಯೂಟಿ ಮುಗಿಸಿ ಬಂದು ಸುಸ್ತಾಗಿದ್ದ ವಿಶಾಲಾಕ್ಷಿ ತಾಟು ಎತ್ತಿಕೊಂಡು ಎದ್ದರು.

ಕೆಲವು ದಿನ ಕಳೆದು, ಮನೆಮನೆಗೆ ಪುಕ್ಕಟೆ ಹಾಕುವ ಸ್ಥಳೀಯ ವಾರಪತ್ರಿಕೆಯ ವರದಿಗಾರ್ತಿ ಒಬ್ಬ ಫೋಟೋಗ್ರಾಫರನನ್ನು ಕಟ್ಟಿಕೊಂಡು ಮನೆಗೆ ಬಂದಳು. ಉದಯಶಂಕರರು ಅವರಿಗೆ ಚಹಾ ಕೊಟ್ಟು, ತೆರಿಗೆಯ ತತ್ತ್ವವನ್ನು ಮೊದಲಿನಿಂದ ವಿವರಿಸಿದರು. ಹುಡುಗಿಯ ಪೆನ್ನು ಬಹಳ ಹೊತ್ತು ಅಲುಗಲೇ ಇಲ್ಲ. ಅಷ್ಟರಲ್ಲಿ ಬೆಳಕು ಹುಡುಕಿಕೊಂಡು ಹಿತ್ತಲಿಗೆ ಹೋಗಿದ್ದ ಫೋಟೋಗ್ರಾಫರ್ ಗಡಿಬಿಡಿಯಿಂದ ಒಳಗೆ ಬಂದು ಅವಳ ಕಿವಿಯಲ್ಲಿ ಏನೋ ಹೇಳಿದ. ಇಬ್ಬರೂ ಹಿತ್ತಲಿನ ಗಾಜಿನ ಮನೆಯ ಕಡೆ ಓಡಿದರು. ಅತಿಥಿಗಳ ಈ ಉತ್ಸಾಹ ಕಂಡು ಉದಯಶಂಕರರಿಗೆ ಹೃದಯ ತುಂಬಿ ಬಂತು, ಯಾಕೆಂದರೆ ಆ ಗಾಜಿನ ಮನೆಯಲ್ಲಿ ಅವರ ಪುಂಡಿಪಲ್ಲೆ ಎದೆಯೆತ್ತರ ಬೆಳೆದು ನಿಂತಿತ್ತು.

ಪುಂಡಿಪಲ್ಲೆಯ ಬಗ್ಗೆ ಎರಡು ಮಾತು ಹೇಳದಿದ್ದರೆ ಧಾರವಾಡದವರು ನಮ್ಮನ್ನು ಕ್ಷಮಿಸುವುದಿಲ್ಲ. ಅದು ಹುಳಿ ಸೊಪ್ಪು. ಜೋಳದ ನುಚ್ಚು, ಬಳ್ಳೊಳ್ಳಿ, ಹಸಿಮೆಣಸಿನಕಾಯಿ ಹಾಕಿ ಕುದಿಸಿ, ಮೇಲೆ ಶೇಂಗಾ ಎಣ್ಣೆಯ ಒಗ್ಗರಣೆ ಕೊಟ್ಟು ರೊಟ್ಟಿಯ ಜೊತೆ ಬಡಿಸಿದರೆ ಆ ಕಡೆಯ ಮನುಷ್ಯ ಮಾತು ನಿಲ್ಲಿಸುತ್ತಾನೆ. ಉದಯಶಂಕರರು ವರ್ಷ ವರ್ಷವೂ ಅದನ್ನು ಬೆಳೆಯಲು ಹೋಗಿ, ಲಂಡನ್ನಿನ ತಂಡಿಗೆ ಸಸಿ ಕೊಳೆತು, ಸೋತಿದ್ದರು. ಈ ಸಲ ಅವರ ತಂಗಿ ಹೊಸ ಬೀಜವನ್ನು ಪೊಟ್ಟಣ ಕಟ್ಟಿ, ಹುಬ್ಬಳ್ಳಿಯ ಬಸ್ಸಿನಲ್ಲಿ ಉಡುಪಿಗೆ ಕಳಿಸಿದ್ದಳು. ಉಡುಪಿಗೆ ರಜೆಯಲ್ಲಿ ಹೋಗಿದ್ದ ಎಮ್ಯಾನುವೆಲ್ ಅದನ್ನು ಲಂಡನ್ನಿಗೆ ತಂದು ಮುಟ್ಟಿಸಿದ್ದ. ಎಮ್ಯಾನುವೆಲ್ ಫೆಲ್ಥಮ್‌ನಲ್ಲಿದ್ದು ವಿಮಾನ ನಿಲ್ದಾಣದಲ್ಲಿ ಸಾಮಾನು ಸಾಗಿಸುವ ಕೆಲಸ ಮಾಡುವವನು. ಊರಿಗೆ ಹೋದವರು ಎಲ್ಲರ ಪೊಟ್ಟಣ ತರಬೇಕು, ಒಳಗೇನಿದೆ ಎಂದು ಕೇಳಬಾರದು. ಇದು ಅಲ್ಲಿನ ನಮ್ಮವರ ಅಲಿಖಿತ ಸಂವಿಧಾನ.

ಪುಂಡಿಯ ಎಲೆ ಹೇಗಿರುತ್ತದೆಂದು ಬಲ್ಲವರಿಗೆ ಮುಂದಿನ ಕಥೆ ಈಗಾಗಲೇ ಗೊತ್ತಾಗಿರಬೇಕು. ಉದ್ದುದ್ದ ಬೆರಳು, ಅಂಚಿಗೆ ಗರಗಸದ ಹಲ್ಲು. ಗಾಂಜಾದ ಎಲೆಯೂ ಹಾಗೆಯೇ.

ವರದಿಗಾರ್ತಿ ಉಸಿರು ಬಿಗಿ ಹಿಡಿದು, ಇದನ್ನು ನೀವೇ ಬೆಳೆದದ್ದೇ ಎಂದು ಕೇಳಿದಳು. ಬೀಜದಿಂದ, ಎಂದರು ಉದಯಶಂಕರರು. ಬೀಜ ಎಲ್ಲಿಯದು? ಊರಿನದು, ಗೆಳೆಯನೊಬ್ಬ ವಿಮಾನದಲ್ಲಿ ತಂದುಕೊಟ್ಟ. ನೀವು ಇದನ್ನು ಬಳಸುತ್ತೀರಾ? ಬಳಸುವುದೇ, ಚಿಕ್ಕಂದಿನಿಂದ. ನಮ್ಮಜ್ಜಿ ತೊಂಬತ್ತು ದಾಟಿದ ಮೇಲೂ ದಿನಾ ಬೇಕೆನ್ನುತ್ತಿದ್ದಳು, ಸಿಗದ ದಿನ ಮನೆಯವರ ಮೇಲೆ ರೇಗುತ್ತಿದ್ದಳು. ಡಾಕ್ಟರಾದ ನಿಮ್ಮ ಹೆಂಡತಿ? ಅವಳೇ ತಯಾರಿಸುವುದು, ಅವಳ ಕೈಗುಣ ಯಾರಿಗೂ ಇಲ್ಲ. ಕೊನೆಗೆ ಹುಡುಗಿ, ಇದಕ್ಕೂ ತೆರಿಗೆ ಕಟ್ಟುತ್ತೀರಾ ಎಂದು ಕೇಳಿದಳು. ಸೊಪ್ಪಿಗೆ ಯಾರೂ ತೆರಿಗೆ ಕೇಳುವುದಿಲ್ಲವೆಂದು ಉದಯಶಂಕರರಿಗೆ ಗೊತ್ತಿತ್ತು. ಆದರೂ ಅವರ ಉದಾರತೆ ಆಗ ಉಕ್ಕಿ ಹರಿಯುತ್ತಿತ್ತು. ಲೈಬ್ರರಿ ಉಳಿಯುವುದಾದರೆ ನನ್ನ ಈ ಗಿಡಗಳಿಗೂ ತೆರಿಗೆ ಹಾಕಿ, ಸಂತೋಷದಿಂದ ಕಟ್ಟುತ್ತೇನೆ ಎಂದು ಎದೆ ಮೇಲೆ ಕೈ ಇಟ್ಟು ಹೇಳಿದರು. ಫೋಟೋ ಆಗಲೇ ತೆಗೆದದ್ದು.

ಗುರುವಾರ ಪತ್ರಿಕೆ ಮನೆಮನೆಯ ಬಾಗಿಲಿನ ಕಿಂಡಿಯಲ್ಲಿ ಬಿತ್ತು. ಮೊದಲ ಪುಟದ ಅರ್ಧ ಭಾಗದಲ್ಲಿ ಉದಯಶಂಕರರು ಎಲೆಗಳ ನಡುವೆ ನಗುತ್ತ ನಿಂತಿದ್ದರು. ಮೇಲೆ ದಪ್ಪ ಅಕ್ಷರದಲ್ಲಿ ‘ನನ್ನ ಗಿಡಗಳಿಗೂ ತೆರಿಗೆ ಹಾಕಿ’ ಎಂದಿತ್ತು. ಅವರು ತಲೆಬರಹ ಓದಿ, ಫೋಟೋ ನೋಡಿ, ಹೊಟ್ಟೆ ಸ್ವಲ್ಪ ಒಳಗೆಳೆದುಕೊಳ್ಳಬೇಕಿತ್ತು ಎಂದುಕೊಂಡರೇ ಹೊರತು ಕೆಳಗಿನ ಸಣ್ಣ ಅಕ್ಷರ ಓದಲಿಲ್ಲ. ತಮ್ಮ ವಿಚಾರ ತಮಗೆ ಗೊತ್ತೇ ಇತ್ತಲ್ಲ. ಬಸ್ ನಿಲ್ದಾಣದಲ್ಲಿ ಉಳಿದಿದ್ದ ಪ್ರತಿಗಳನ್ನೆಲ್ಲ ಕಂಕುಳಲ್ಲಿ ಇರುಕಿಕೊಂಡು ಆಫೀಸಿಗೆ ಹೋಗಿ, ಒಂದನ್ನು ನೋಟಿಸ್ ಬೋರ್ಡಿಗೆ ಚುಚ್ಚಿದರು.

ಅರ್ಥಶಾಸ್ತ್ರಕ್ಕೆ ಇಷ್ಟು ಬೆಲೆ ಇದೆಯೆಂದು ಅವರಿಗೆ ಆವರೆಗೆ ಗೊತ್ತಿರಲಿಲ್ಲ. ಎಂದೂ ಮಾತಾಡಿಸದ ಆಫೀಸಿನ ಹುಡುಗರು ಲಿಫ್ಟಿನಲ್ಲಿ ಕಣ್ಣು ಹೊಡೆದರು. ಮ್ಯಾನೇಜರ್ ಕರೆದು, ಮನೆಯ ಹವ್ಯಾಸಕ್ಕೂ ಕಂಪನಿಗೂ ಸಂಬಂಧ ಬೇಡ ಎಂದ. ಬಸ್ ನಿಲ್ದಾಣದಲ್ಲಿ ಮೂಗಿಗೆ ಉಂಗುರ ಹಾಕಿಕೊಂಡಿದ್ದ ಹುಡುಗನೊಬ್ಬ ಎದ್ದು ಇವರಿಗೆ ಜಾಗ ಬಿಟ್ಟುಕೊಟ್ಟ. ಅವನ ಟೀ ಶರ್ಟಿನ ಮೇಲೆ ಪುಂಡಿಯ ಎಲೆಯದೇ ದೊಡ್ಡ ಚಿತ್ರವಿತ್ತು. ಪುಂಡಿಯ ಕೀರ್ತಿ ಇಲ್ಲಿಯವರೆಗೂ ಮುಟ್ಟಿದೆ ಎಂದು ಉದಯಶಂಕರರು ಹಿಗ್ಗಿ, ಅದು ನಮ್ಮೂರಿನ ಕಡೆಯದು, ನಮ್ಮಲ್ಲಿ ಹೊಲದ ತುಂಬ ಬೆಳೆಯುತ್ತದೆ, ತರಕಾರಿ ಸಂತೆಯಲ್ಲಿ ಕಟ್ಟು ಕಟ್ಟಾಗಿ ಮಾರುತ್ತಾರೆ ಎಂದು ಅವನಿಗೆ ತಿಳಿಸಿದರು. ಹುಡುಗ ಬಸ್ಸು ಬಂದರೂ ಹತ್ತದೆ ಧಾರವಾಡದ ದಾರಿ ವಿಚಾರಿಸುತ್ತ ನಿಂತ.

ಶುಕ್ರವಾರ ಸಂಜೆ ಜೇನ್ ಬಂದಳು. ಆಚೆ ಈಚೆ ನೋಡಿ, ದನಿ ತಗ್ಗಿಸಿ, ತನ್ನ ಮಂಡಿನೋವಿಗೆ ಸ್ವಲ್ಪ ಎಲೆ ಸಿಗಬಹುದೇ ಎಂದು ಕೇಳಿದಳು. ಉದಯಶಂಕರರು ಒಂದು ಕೈಚೀಲ ತುಂಬ ಕಿತ್ತು ಕೊಟ್ಟರು. ಒಲೆಯ ಮೇಲೆ ಎಷ್ಟು ಹೊತ್ತು ಇಡಬೇಕು, ಬಳ್ಳೊಳ್ಳಿ ಎಷ್ಟು, ನುಚ್ಚಿಲ್ಲದಿದ್ದರೆ ಅಕ್ಕಿ ಎಷ್ಟು ಎಂದು ವಿವರಿಸಿದರು. ಇದಕ್ಕೆ ಬಳ್ಳೊಳ್ಳಿ ಹಾಕುತ್ತಾರೆಂದು ತನಗೆ ಗೊತ್ತಿರಲಿಲ್ಲ ಎಂದಳು ಜೇನ್. ಬಳ್ಳೊಳ್ಳಿ ಇಲ್ಲದಿದ್ದರೆ ಅದಕ್ಕೇನು ಅರ್ಥ ಎಂದರು ಇವರು. ಮರುದಿನ ಅವಳು ಬಂದು, ಮಂಡಿನೋವು ಎಷ್ಟೋ ವಾಸಿ, ರಾತ್ರಿ ಒಳ್ಳೆಯ ನಿದ್ದೆ ಬಂತು, ಗೋಡೆಗೆ ಅಂಟಿಸಿದ ಕಾಗದದ ಮೇಲಿನ ಹೂಗಳು ಸ್ವಲ್ಪ ಅಲುಗಿದಂತೆಯೂ ಅನ್ನಿಸಿತು ಎಂದು ವರದಿ ಒಪ್ಪಿಸಿದಳು. ಅಷ್ಟಕ್ಕೇ ಬೀದಿಯೆಲ್ಲ ಹಿತ್ತಲ ಬಾಗಿಲಿಗೆ ಬರತೊಡಗಿತು. ಎದುರು ಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ಬಿರುಬಿಸಿಲಿನಲ್ಲಿ ಕೋಟಿನ ಕಾಲರ್ ಎತ್ತಿಕೊಂಡು ಬಂದ. ಉದಯಶಂಕರರು ಎಲ್ಲರಿಗೂ ಚೀಲ ತುಂಬಿ ಕೊಟ್ಟರು. ದುಡ್ಡು ಕೊಡಲು ಬಂದವರಿಗೆ, ಈಗ ಬೇಡ, ತೆರಿಗೆ ಜಾರಿಗೆ ಬಂದ ಮೇಲೆ ನೋಡೋಣ ಎಂದರು.

ಆದರೆ ಆ ಶನಿವಾರ ಪಾಠಕ್ಕೆ ಒಂದು ಮಗುವೂ ಬರಲಿಲ್ಲ. ಇಸ್ತ್ರಿ ಹಾಕಿದ ಅಂಗಿ ತೊಟ್ಟ ಉದಯಶಂಕರರು ಖಾಲಿ ಕುರ್ಚಿಗಳ ಮುಂದೆ ಬಹಳ ಹೊತ್ತು ಕೂತಿದ್ದು, ಊರಿಗೆಲ್ಲ ಜ್ವರ ಬಂದಿರಬೇಕೆಂದು ತೀರ್ಮಾನಿಸಿ ಮನೆಗೆ ಬಂದರು.

ಭಾನುವಾರ ಚರ್ಚಿನ ಮಾಸ್ ಮುಗಿಸಿದ ಎಮ್ಯಾನುವೆಲ್ ಫೆಲ್ಥಮ್‌ನಿಂದ ನೇರ ಇವರ ಮನೆಗೆ ಬಂದ. ಕೈಯಲ್ಲಿ ಪತ್ರಿಕೆ, ಮುಖದಲ್ಲಿ ರಕ್ತವಿಲ್ಲ. ಕೂರಿ ಎಂದರೂ ಕೂರಲಿಲ್ಲ.

“ಆ ಪೊಟ್ಟಣದಲ್ಲಿ ಎಂತ ಇತ್ತು, ಒಮ್ಮೆ ಹೇಳಿ ಮಾರಾಯ್ರೆ. ನಾನು ಅದನ್ನು ಕಾಲುಚೀಲದೊಳಗೆ ಇಟ್ಟು ತಂದದ್ದು. ನಾಯಿ ಮೂಸಿ ನೋಡುವ ಜಾಗ ಅದು, ನನ್ನ ಏರ್‌ಪೋರ್ಟ್ ಪಾಸ್ ಹೋದರೆ ಕೆಲಸ ಹೋಯಿತು.”

“ಪುಂಡಿಪಲ್ಲೆ ಬೀಜಾರೀ. ಕಾಯಿಪಲ್ಲೆ.”

“ಎಂತ ಪಲ್ಲೆ? ಇದು ಗಾಂಜಾ ಅಂತ ಪೇಪರಿನಲ್ಲೇ ಉಂಟಲ್ಲ.”

ಹಾಗೆ ಎಮ್ಯಾನುವೆಲ್ ಸಣ್ಣ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳಿದ. ತಾನೇ ಬೆಳೆದ ಗಾಂಜಾದ ನಡುವೆ ಹೆಮ್ಮೆಯಿಂದ ನಿಂತ ಲೆಕ್ಕಿಗ. ವಿಮಾನದಲ್ಲಿ ಬೀಜ ತಂದ ಗೆಳೆಯ. ತೊಂಬತ್ತರ ಚಟಗಾತಿ ಅಜ್ಜಿ. ತಯಾರಿಸಿ ಕೊಡುವ ಡಾಕ್ಟರ್ ಹೆಂಡತಿ. ಉದಯಶಂಕರರ ಕಣ್ಣ ಮುಂದೆ ಟೀ ಶರ್ಟಿನ ಎಲೆ, ಜೇನ್‌ಳ ಮಂಡಿ, ಪೋಸ್ಟ್‌ಮ್ಯಾನಿನ ಕಾಲರ್, ಖಾಲಿ ಕುರ್ಚಿಗಳು ಒಂದರ ಹಿಂದೆ ಒಂದು ಹಾದುಹೋದವು. ಅವರು ಸೋಫಾದ ಮೇಲೆ ಕುಸಿದರು. ಕೂರಲು ಒಪ್ಪದಿದ್ದ ಎಮ್ಯಾನುವೆಲ್ ಅವರಿಗೆ ಗಾಳಿ ಹಾಕುವ ಸಲುವಾಗಿ ಪಕ್ಕದಲ್ಲಿ ಕೂತ.

ಅದೇ ಹೊತ್ತಿಗೆ ಫೋನ್ ಬಂತು. ಕನ್ನಡ ಸಂಘದ ಅಧ್ಯಕ್ಷ, ಮೈಸೂರಿನ ಡಾಕ್ಟರ್ ಲಕ್ಷ್ಮೀಶ. ಬಹಳ ನಯವಾಗಿ, ತಂದೆತಾಯಂದಿರೆಲ್ಲ ಸೇರಿ ಯೋಚಿಸಿದ್ದಾರೆ, ನೀವು ಕೆಲಕಾಲ ಪಾಠದಿಂದ ವಿಶ್ರಾಂತಿ ತೆಗೆದುಕೊಳ್ಳಬೇಕು ಎಂದರು. ಉದಯಶಂಕರರು ಅದು ಪುಂಡಿ ಎಂದು ವಿವರಿಸತೊಡಗಿದರು.

“ನೋಡಿ ಹಂಚಿನಾಳ್, ನಾನು ಡಾಕ್ಟ್ರು. ದಂಟು, ಮೆಂತ್ಯ, ಸಬ್ಬಸಿಗೆ, ಚಕ್ಕೋತ, ಎಲ್ಲ ತಿಂದು ಬೆಳೆದೋನು. ಪುಂಡಿ ಅನ್ನೋ ಸೊಪ್ಪು ಮೈಸೂರಲ್ಲಿ ಇಲ್ಲ.”

“ಮೈಸೂರಾಗ ಇಲ್ಲದ್ದು ಜಗತ್ತಿನ್ಯಾಗ ಇಲ್ಲೇನ್ರಿ?”

ಲಕ್ಷ್ಮೀಶರು ಆ ಪ್ರಶ್ನೆಯ ಬಗ್ಗೆ ಕೊಂಚ ಯೋಚಿಸಿ, ಇರಲಾರದು ಎಂಬ ಧ್ವನಿಯಲ್ಲಿ ಫೋನ್ ಇಟ್ಟರು. ಉದಯಶಂಕರರಿಗೆ ನಿಜವಾಗಿ ನೋವಾದದ್ದು ಆಗ. ಗಾಂಜಾ ಬೆಳೆಗಾರನೆಂದು ಊರು ನಂಬಿದ್ದನ್ನು ಅವರು ತಡೆದುಕೊಂಡಾರು. ಮುಂದಿನ ಶನಿವಾರ ಯಾರೂ ತಮ್ಮನ್ನು ಸರ್ ಎನ್ನುವುದಿಲ್ಲ ಎಂಬುದನ್ನು ತಡೆದುಕೊಳ್ಳಲಾಗಲಿಲ್ಲ.

ಆದರೆ ಸೋಮವಾರ ಸಂಜೆ ಒಬ್ಬರು ಬಾಗಿಲಲ್ಲಿ ನಿಂತು ಅವರನ್ನು ಸರ್ ಎಂದೇ ಕರೆದರು. ಅದು ಪೊಲೀಸ್ ಕಾನ್‌ಸ್ಟೇಬಲ್. ಬಸ್ ಡ್ರೈವರಿನ ಜಾತಿಯ ಸರ್. ಉದಯಶಂಕರರು ಅವನಿಗೆ ತೆರಿಗೆ ತತ್ತ್ವ, ಪುಂಡಿಯ ಗುಣ, ಬೀಜದ ಪ್ರಯಾಣ ಎಲ್ಲವನ್ನೂ ಒಟ್ಟಿಗೆ ಹೇಳಲು ಹೋಗಿ, ಹೇಳಿದಷ್ಟೂ ಅಪರಾಧಿಯಂತೆ ಕಾಣತೊಡಗಿದರು. ವಿಶಾಲಾಕ್ಷಿ ಆಗಷ್ಟೇ ಆಸ್ಪತ್ರೆಯಿಂದ ಬಂದಿದ್ದರು. ಅಲ್ಲಿ ಗುರುವಾರದಿಂದ ಸಹೋದ್ಯೋಗಿಗಳು ಭುಜ ಮುಟ್ಟಿ, ಮನೆಯಲ್ಲಿ ಎಲ್ಲ ಸರಿಯಾಗಿದೆಯೇ ಎಂದು ಕೇಳಿದ್ದು ಯಾಕೆಂದು ಅವರಿಗೆ ಎಮ್ಯಾನುವೆಲ್ ಬಂದು ಹೋದ ಮೇಲೆ ಅರ್ಥವಾಗಿತ್ತು. ಅವರು ಕೋಟನ್ನು ಮೊಳೆಗೆ ತೂಗುಹಾಕಿ ಗಂಡನನ್ನು ಅಡುಗೆಮನೆಗೆ ಕರೆದರು.

“ಪೊಲೀಸ್ನವ್ರ ಮುಂದ ಅರ್ಥಶಾಸ್ತ್ರ ಹೇಳಬ್ಯಾಡ್ರಿ. ಸುಮ್ನ ತಾಟು ಹಚ್ರಿ.”

ಕಾನ್‌ಸ್ಟೇಬಲ್ ಡ್ಯೂಟಿಯಲ್ಲಿದ್ದೇನೆ ಎಂದ. ಇದು ಸಾಕ್ಷ್ಯ, ಊಟವಲ್ಲ ಎಂದರು ವಿಶಾಲಾಕ್ಷಿ. ಮಕ್ಕಳಿಗೆ ಔಷಧ ಕುಡಿಸಿ ಪಳಗಿದ ಅವರ ಮಾತನ್ನು ಮೀರುವುದು ಅವನಿಂದ ಆಗಲಿಲ್ಲ. ಜೋಳದ ರೊಟ್ಟಿ ಮುರಿದು, ಬಿಸಿ ಪುಂಡಿಪಲ್ಲೆ ಅದ್ದಿ ಬಾಯಿಗಿಟ್ಟ. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಟೋಪಿ ತೆಗೆದು ಪಕ್ಕಕ್ಕಿಟ್ಟ. ಇನ್ನೊಂದು ರೊಟ್ಟಿ ಕೇಳಿ ತಿಂದ. ಆಮೇಲೆ ಗಂಭೀರವಾಗಿ, ಇದು ಖಂಡಿತ ಅದಲ್ಲ, ಅದು ಇಷ್ಟು ಹುಳಿ ಇರುವುದಿಲ್ಲ ಎಂದ. ಹೇಳಿದ್ದು ತನ್ನ ಕಿವಿಗೇ ಬಿದ್ದ ಮೇಲೆ ಬಹಳ ಹೊತ್ತು ನೀರು ಕುಡಿದ. ಕ್ರಮಕ್ಕಿರಲಿ ಎಂದು ಒಂದು ಎಲೆಯನ್ನು ಪರೀಕ್ಷೆಗೆ, ಒಂದು ಡಬ್ಬಿ ಪಲ್ಲೆಯನ್ನು ಠಾಣೆಗೆ ತೆಗೆದುಕೊಂಡು ಹೋದ. ಬುಧವಾರ ಫೋನ್ ಮಾಡಿ, ಎಲೆ ನಿರಪರಾಧಿ ಎಂದೂ ಡಬ್ಬಿ ಖಾಲಿಯಾಗಿದೆ ಎಂದೂ ತಿಳಿಸಿದ. ಎಮ್ಯಾನುವೆಲ್‌ನ ಪಾಸು ಉಳಿಯಿತು. ಅವನು ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿ, ಇನ್ನು ಮುಂದೆ ಪೊಟ್ಟಣ ಬಿಚ್ಚಿ ನೋಡಿಯೇ ತರುವುದೆಂದು ಪ್ರತಿಜ್ಞೆ ಮಾಡಿದ.

ಪತ್ರಿಕೆಯವರು, ಈ ವಾರದ ಸಂಚಿಕೆ ಅಚ್ಚಿಗೆ ಹೋಗಿದೆ, ಮುಂದಿನ ವಾರ ತಿದ್ದುಪಡಿ ಹಾಕುತ್ತೇವೆ ಎಂದರು. ಎಲ್ಲ ಸುಖಾಂತವಾಯಿತೆಂದು ವಿಶಾಲಾಕ್ಷಿ ಮಲಗಲು ಹೋಗುತ್ತಿದ್ದಾಗ, ಜೇನ್ ಬೇಲಿಯಾಚೆಯಿಂದ ಹೊಸ ಸುದ್ದಿ ಹೇಳಿದಳು. ಲೈಬ್ರರಿಯ ವಿಷಯ ಕೊನೆಗೆ ತೀರ್ಮಾನಿಸುವ ಕೌನ್ಸಿಲ್ ಸಭೆ ಮರುದಿನ ಗುರುವಾರ ಸಂಜೆಯೇ. ಬೀದಿಗೆ ಬೀದಿಯೇ ಹೊರಟಿದೆ, ಪಕ್ಕದ ಬಡಾವಣೆಯವರೂ ಬರುತ್ತಿದ್ದಾರೆ. ಗಾಂಜಾ ಮನುಷ್ಯನನ್ನು ನೋಡಲು.

ಉದಯಶಂಕರರು ಹಿತ್ತಲಲ್ಲಿ ನಿಂತು ಪರಿಸ್ಥಿತಿಯನ್ನು ಅರ್ಥಶಾಸ್ತ್ರಜ್ಞನಂತೆ ಪರಿಶೀಲಿಸಿದರು. ನಿಜ ಹೇಳಿದರೆ ಮಕ್ಕಳು ಪಾಠಕ್ಕೆ ವಾಪಸು ಬಂದಾರು, ಆದರೆ ಸಭೆಯ ಜನ ಎದ್ದು ಹೋಗುತ್ತಾರೆ, ಲೈಬ್ರರಿ ಮುಚ್ಚುತ್ತದೆ, ಪಾಠಕ್ಕೆ ಕೋಣೆಯಿರುವುದಿಲ್ಲ. ನಿಜ ಹೇಳದಿದ್ದರೆ ಕೋಣೆ ಉಳಿದೀತು, ಮಕ್ಕಳು ಬರುವುದಿಲ್ಲ. ಇಂಥ ಸಮಸ್ಯೆ ಎಂ.ಎ. ಪರೀಕ್ಷೆಯಲ್ಲಿ ಬಂದಿದ್ದರೆ ಅವರು ಬಿಟ್ಟು ಮುಂದಿನದಕ್ಕೆ ಹೋಗುತ್ತಿದ್ದರು. ಈಗ ಮುಂದಿನ ಪ್ರಶ್ನೆ ಇರಲಿಲ್ಲ. ಅವರು ಕತ್ತರಿ ತಂದು ಗಾಜಿನ ಮನೆಯ ಪುಂಡಿಯನ್ನೆಲ್ಲ ಕೊಯ್ದರು. ನಿಜ ಹೇಳುವುದೇ ಆದರೆ ಬಿಸಿಬಿಸಿ ಹೇಳೋಣ ಎಂದು ನಿಶ್ಚಯಿಸಿದ್ದರು.

ಗುರುವಾರ ಸಂಜೆ ಕೌನ್ಸಿಲ್ ಕಟ್ಟಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಬದಿಗೆ ಎಲೆಯ ಚಿತ್ರದ ಟೀ ಶರ್ಟುಗಳು, ಇನ್ನೊಂದು ಬದಿಗೆ ಅದೇ ಎಲೆಗೆ ಅಡ್ಡಗೆರೆ ಹೊಡೆದ ಫಲಕ ಹಿಡಿದ ಹೆಂಗಸರು, ನಡುವೆ ಇಡೀ ಬೀದಿ. ಹಿಂದಿನ ಸಾಲಿನಲ್ಲಿ ಲಕ್ಷ್ಮೀಶರು ಸಂಘದವರೊಡನೆ, ಯಾರ ಪರಿಚಯವೂ ಇಲ್ಲದವರಂತೆ ಕೂತಿದ್ದರು. ಬಾಗಿಲ ಬಳಿ ಎಮ್ಯಾನುವೆಲ್, ಬಟ್ಟೆ ಸುತ್ತಿದ ಎರಡು ದೊಡ್ಡ ಪಾತ್ರೆಗಳನ್ನು ಕಾಯುತ್ತ ನಿಂತಿದ್ದ. ಒಳಗೇನಿದೆ ಎಂದು ಈ ಸಲ ಮುಚ್ಚಳ ತೆಗೆದು ನೋಡಿಯೇ ಹೊತ್ತು ತಂದಿದ್ದ.

ಕೌನ್ಸಿಲ್ಲಿನ ಅಧ್ಯಕ್ಷೆ ಹೆಸರು ಕೂಗಿದಾಗ ಉದಯಶಂಕರರು ಎದ್ದರು. ತಾವು ಬೆಳೆದದ್ದು ಗಾಂಜಾ ಅಲ್ಲ, ಊಟಕ್ಕೆ ಬಳಸುವ ಹುಳಿ ಸೊಪ್ಪು ಎಂದರು. ಸಭೆಯಲ್ಲಿ ನಿರಾಸೆಯ ನಿಟ್ಟುಸಿರು ಎದ್ದಿತು. ಟೀ ಶರ್ಟುಗಳು ಹೊರಡಲು ಎದ್ದವು. ಎದುರು ಪಕ್ಷದ ಹೆಂಗಸರೂ ಫಲಕ ಮಡಚತೊಡಗಿದರು, ವಿರೋಧಿಸಲು ಏನೂ ಉಳಿದಿರಲಿಲ್ಲವಲ್ಲ. ಹಣಕಾಸು ಅಧಿಕಾರಿಯ ಸಪ್ಪೆ ಮುಖ ಮೊದಲ ಸಲ ಅರಳಿತು. ಉದಯಶಂಕರರು ಮಾತ್ರ ಕೂರಲಿಲ್ಲ. ತಾವು ಹೇಳಿದ ತೆರಿಗೆಯ ವಿಚಾರ ಆಗಲೂ ಸರಿ, ಈಗಲೂ ಸರಿ, ಎಲೆ ಮಾತ್ರ ಬೇರೆ ಎಂದರು. ಅದನ್ನು ಪಾರ್ಲಿಮೆಂಟು ಇಂದಲ್ಲ ನಾಳೆ ಒಪ್ಪಲಿ. ಅಲ್ಲಿಯವರೆಗೆ ಶನಿವಾರದ ಒಂದು ಕೋಣೆ ಬೇಕು, ಯಾಕೆಂದರೆ ಅಲ್ಲಿ ಮಕ್ಕಳು ತಮ್ಮನ್ನು ಸರ್ ಎನ್ನುತ್ತಾರೆ. ಈ ಕೊನೆಯ ಮಾತನ್ನು ಅವರು ಭಾಷಣದಲ್ಲಿ ಬರೆದುಕೊಂಡಿರಲಿಲ್ಲ.

ಜೇನ್ ಊರುಗೋಲಿನ ಸಹಾಯವಿಲ್ಲದೆ ಎದ್ದು ನಿಂತು, ಅದು ಯಾವ ಎಲೆಯಾದರೆ ತನಗೇನು, ವಾರದಿಂದ ಮೂರು ಹೊತ್ತು ಅದನ್ನೇ ತಿಂದಿದ್ದೇನೆ, ಮಂಡಿ ಹೀಗಿದೆ ನೋಡಿ ಎಂದು ನಡೆದು ತೋರಿಸಿದಳು. ನಗು ಎದ್ದಿತು. ಹೊರಟವರು ನಿಂತರು. ಆ ಹೊತ್ತಿಗೆ ಸರಿಯಾಗಿ, ಯಾರ ಅಪ್ಪಣೆಗೂ ಕಾಯದೆ ವಿಶಾಲಾಕ್ಷಿ ಕಾರಿಡಾರಿನಲ್ಲಿ ಪಾತ್ರೆಯ ಮುಚ್ಚಳ ತೆಗೆದರು. ಬಳ್ಳೊಳ್ಳಿ ಒಗ್ಗರಣೆಯ ಘಮ ಸಭೆಯ ಒಳಗೆ ಬಂತು. ಸಂಜೆಯ ಹೊತ್ತು, ಯಾರೂ ಉಂಡಿರಲಿಲ್ಲ. ಸಭೆಯನ್ನು ತಾತ್ಕಾಲಿಕವಾಗಿ ಮುಂದೂಡಲಾಗಿದೆ ಎಂದು ಅಧ್ಯಕ್ಷೆ ಘೋಷಿಸಿದಳು.

ಕಾರಿಡಾರಿನಲ್ಲಿ ಗಾಂಜಾ ಪರ ಇದ್ದವರೂ ವಿರೋಧಿಗಳೂ ಒಂದೇ ಸಾಲಿನಲ್ಲಿ ನಿಂತು ರೊಟ್ಟಿ ಪಲ್ಲೆ ತಿಂದರು. ಲಕ್ಷ್ಮೀಶರು ಮೊದಲು ಮೂಸಿ ನೋಡಿದರು, ಆಮೇಲೆ ನಾಲಿಗೆಯ ತುದಿಗೆ ಮುಟ್ಟಿಸಿದರು, ಆಮೇಲೆ ಮೂರು ಸಲ ಹಾಕಿಸಿಕೊಂಡರು. “ಮೈಸೂರಲ್ಲೂ ಇದನ್ನ ಬೆಳೀಬೇಕು ಹಂಚಿನಾಳ್,” ಎಂದರು. ಮೈಸೂರಿನವರ ಬಾಯಲ್ಲಿ ಅದಕ್ಕಿಂತ ದೊಡ್ಡ ಕ್ಷಮಾಪಣೆ ಇಲ್ಲವೆಂದು ತಿಳಿದ ಉದಯಶಂಕರರು ನಾಲ್ಕನೆಯ ಸಲ ಬಡಿಸಿದರು.

ಸಭೆ ಮತ್ತೆ ಸೇರಿದಾಗ ಅಧ್ಯಕ್ಷೆಯ ಗಲ್ಲ ಇನ್ನೂ ಕೆಂಪಗಿತ್ತು. ಲೈಬ್ರರಿಯನ್ನು ಒಂದು ವರ್ಷ ಮುಚ್ಚುವುದು ಬೇಡವೆಂದು ನಿರ್ಧಾರವಾಯಿತು. ಆದರೆ ಹೀಟರಿನ ಖರ್ಚಿಗೆ ಊರವರೇ ದಾರಿ ಮಾಡಬೇಕು. ಹಣಕಾಸು ಅಧಿಕಾರಿ ಪತ್ರಿಕೆಯ ಹಳೆಯ ಸಂಚಿಕೆ ಎತ್ತಿ ಹಿಡಿದು, ತನ್ನ ಗಿಡಗಳಿಗೂ ತೆರಿಗೆ ಹಾಕಿ ಎಂದು ಈ ಮಹನೀಯರೇ ಹೇಳಿದ್ದಾರೆ ಎಂದು ನೆನಪಿಸಿದ. ಹಾಗಾಗಿ ಪ್ರತಿ ಶನಿವಾರ ಲೈಬ್ರರಿಯ ಮುಂದೆ ಪುಂಡಿಪಲ್ಲೆಯ ಅಂಗಡಿ ಇಡಬಹುದು, ಅದು ಕೊಡುವ ಜಾಗದ ಬಾಡಿಗೆ ಲೈಬ್ರರಿಗೆ ಹೋಗತಕ್ಕದ್ದು ಎಂದು ಠರಾವು ಮಾಡಿದರು. ಎಲೆ ಮಾರಿ ಲೈಬ್ರರಿ ನಡೆಸಬಹುದೆಂಬ ಉದಯಶಂಕರರ ಸಿದ್ಧಾಂತ ಹೀಗೆ ಜಾರಿಗೆ ಬಂತು.

ಅವರಿಗೆ ಮಾತ್ರ ಒಂದು ಕೊರಗು ಉಳಿಯಿತು. ಬಾಡಿಗೆ ಬಾಡಿಗೆಯೇ, ತೆರಿಗೆಯಲ್ಲ. ತಾನು ಕೊಟ್ಟ ಮಾತು ತೆರಿಗೆಯದು. ಅವರು ತೆರಿಗೆ ಇಲಾಖೆಗೆ ಫೋನ್ ಮಾಡಿದರು. ನಿಮ್ಮದು ತೀರ ಸಣ್ಣ ವ್ಯಾಪಾರ, ಕಟ್ಟಬೇಕಾಗಿಲ್ಲ ಎಂದ ಆ ಕಡೆಯ ಗುಮಾಸ್ತ. ಕಟ್ಟಲೇಬೇಕು ಎಂದರು ಇವರು. ಸ್ವಂತ ಇಚ್ಛೆಯಿಂದ ಕಟ್ಟುವುದಾದರೆ ಬೇಡವೆನ್ನುವ ಕಾನೂನಿಲ್ಲ, ಆದರೆ ತಣ್ಣಗಿನ ಆಹಾರಕ್ಕೆ ತೆರಿಗೆಯೇ ಇಲ್ಲ, ಬಿಸಿಯಾಗಿ ಕೊಟ್ಟರೆ ಮಾತ್ರ ಉಂಟು ಎಂದು ಗುಮಾಸ್ತ ತಿಳಿಸಿದ. ತೆರಿಗೆ ಹಾಕಿ ಎಂದು ಬೇಡಿಕೊಳ್ಳುವ ಮನುಷ್ಯನನ್ನು ತನ್ನ ಸರ್ವೀಸಿನಲ್ಲಿ ಕಂಡಿರಲಿಲ್ಲವಾದ್ದರಿಂದ, ಫೋನ್ ಇಡುವ ಮುಂಚೆ ಅವನ ಬಾಯಿಂದ ‘ಸರ್’ ಎಂದು ಬಂತು. ಅದು ಬಸ್ ಡ್ರೈವರಿನ ಸರ್ ಆಗಿರಲಿಲ್ಲ.

ಕೊಯ್ದ ಪುಂಡಿ ಮತ್ತೆ ಚಿಗುರಿ ಅಂಗಡಿ ಹಾಕಿದ ಮೊದಲ ಶನಿವಾರ ಹಿಂದಿನ ಕೋಣೆಯ ಕುರ್ಚಿಗಳೆಲ್ಲ ತುಂಬಿದ್ದವು. ಒಳಗೆ ಉದಯಶಂಕರರು ಇಸ್ತ್ರಿ ಹಾಕಿದ ಅಂಗಿಯಲ್ಲಿ ನಿಂತು ಹಲಗೆಯ ಮೇಲೆ ಅಕ್ಷರ ಬರೆಯುತ್ತಿದ್ದರು. ಪ್ರಶ್ನೆ ಕನ್ನಡದಲ್ಲಿ ಹೋಗುತ್ತಿತ್ತು, ಉತ್ತರ ಇಂಗ್ಲಿಷಿನಲ್ಲಿ ಬರುತ್ತಿತ್ತು, ಕೊನೆಗೆ ಸರ್ ಇರುತ್ತಿತ್ತು. ಹೊರಗೆ ಅಂಗಡಿಯ ಮುಂದೆ ಜೇನ್ ಸಾಲು ನಿಲ್ಲಿಸುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಸಾಲು ಕರಗಿ, ಪಾತ್ರೆಯ ತಳ ಕಾಣತೊಡಗಿದಾಗ ವಿಶಾಲಾಕ್ಷಿ ಕಿಟಕಿಯಲ್ಲಿ ತಲೆ ಹಾಕಿ, ಇನ್ನು ಸ್ವಲ್ಪವೇ ಉಳಿದಿದೆ, ಗ್ಯಾಸು ಸುಮ್ಮನೆ ಉರಿಯುತ್ತಿದೆ, ಸ್ಟೋವ್ ಬಂದ್ ಮಾಡಲೇ ಎಂದು ಕೇಳಿದರು.

ಉದಯಶಂಕರರು ಸೀಮೆಸುಣ್ಣ ಕೆಳಗಿಟ್ಟು ಗಾಬರಿಯಿಂದ ಕಿಟಕಿಗೆ ಬಂದರು.

“ಬ್ಯಾಡ, ಬ್ಯಾಡ. ಆರಿದ್ರ ತೆರಿಗಿ ಬರೂದಿಲ್ಲ.”